ಹಿಡಿದು ಬಿಟ್ಟ ಮೀನು

ಗಾಳದಿಂದ ಮೀನನ್ನು ಹಿಡಿದು, ಕೊಕ್ಕೆ ಬಿಡಿಸಿ, ಜೀವಂತವಾಗಿಯೇ ಮತ್ತೆ ನೀರಿಗೆ ಬಿಡುವ ಪದ್ಧತಿಯು ಉತ್ತರ ಅಮೆರಿಕದಲ್ಲಿ ವ್ಯಾಪಕವಾಗಿದೆ. ಹಾಗೆ ಮಾಡುವವನು ಕ್ರೂರಿಯೇನಲ್ಲ. ಕೊಂದು ತಿನ್ನುವವನಿಗಿಂತ ತಾನು ಮೇಲೆಂದು ಆತನು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಕೊಂದಿಲ್ಲ, ತಿಂದಿಲ್ಲ, ಹೀಗಿರಲು ಹಿಂಸೆಯೆಲ್ಲಿ ಬಂತು ಎಂಬುದು ಆತನ ಪ್ರಶ್ನೆ. ಬಾಯಿಗೆ ಚುಚ್ಚಿದ ಕೊಕ್ಕೆಯ ಮಾತನ್ನು ಸದ್ಯಕ್ಕೆ ಬದಿಗಿಡೋಣ (ಅದೇನೂ ಸಣ್ಣ ಮಾತಲ್ಲ). ಬ್ಯಾಸ್ ಎಂಬ ಮೀನಿನ ವಿಷಯದಲ್ಲಿ, ಅದು ಸಂತಾನ ಪಡೆಯುವ ಋತುವಿನಲ್ಲಿ, ಈ ಪ್ರಶ್ನೆಗೆ ಉತ್ತರವು ಆತನ ಕೈಯಲ್ಲಿರುವ ಮೀನಿನಲ್ಲಿಲ್ಲ. ಆ ಮೀನು ಬಿಟ್ಟುಬಂದ ಗೂಡಿನಲ್ಲಿದೆ.

ಕೆನಡಾದ ಆಂಟಾರಿಯೋ ಪ್ರಾಂತದ ಸರೋವರಗಳಲ್ಲಿ ದೊಡ್ಡ ಬಾಯಿಯದು, ಸಣ್ಣ ಬಾಯಿಯದು ಎಂದು ಎರಡು ಬಗೆಯ ಬ್ಯಾಸ್‌ಗಳಿವೆ. ಮೇ, ಜೂನ್ ತಿಂಗಳುಗಳಲ್ಲಿ ನೀರಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಂಡು ಮೀನು ದಡದ ಸಮೀಪದ ತಳವನ್ನು ಬಾಲದಿಂದ ಗುಡಿಸಿ, ಬಟ್ಟಲಿನಾಕಾರದ ಗೂಡನ್ನು ಸಿದ್ಧಪಡಿಸುತ್ತದೆ. ಹೆಣ್ಣು ಅದರಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಅಲ್ಲಿಂದ ಮುಂದಿನ ಭಾರವೆಲ್ಲ ತಂದೆಯದು. ಈಜುರೆಕ್ಕೆಗಳನ್ನು ಬೀಸಿ ಮೊಟ್ಟೆಗಳ ಮೇಲೆ ಹೊಸ ನೀರನ್ನು ಹಾಯಿಸುತ್ತ, ಹತ್ತಿರ ಸುಳಿದ ಮೀನುಗಳನ್ನು ಅಟ್ಟುತ್ತ, ಮೊಟ್ಟೆಯೊಡೆದು ಬಂದ ಮರಿಗಳು ಸ್ವತಂತ್ರವಾಗುವ ತನಕ ಅದು ವಾರಗಟ್ಟಲೆ ಕಾವಲಿರುತ್ತದೆ. ಆ ದಿನಗಳಲ್ಲಿ ಅದು ತಿನ್ನುವುದು ತೀರ ಕಡಿಮೆ, ಮೈ ಇಳಿಯುತ್ತದೆ.

ಇಂಥ ಮೀನು ಗಾಳಕ್ಕೆ ಬೀಳಲು ಹಸಿವು ಬೇಕಾಗಿಲ್ಲ. ಗೂಡಿನ ಮೇಲೆ ಇಳಿದ ಎರೆಯನ್ನು ಮರಿಗಳ ಶತ್ರುವೆಂದು ಬಗೆದು ಅದು ಮೇಲೆರಗುತ್ತದೆ. ಹೆಚ್ಚು ಮೊಟ್ಟೆಮರಿಗಳನ್ನು ಕಾಯುವ ತಂದೆಯೇ ಹೆಚ್ಚು ಸುಲಭವಾಗಿ ಸಿಕ್ಕಿಬೀಳುತ್ತದೆಂದು ಕೋರಿ ಸುಸ್ಕಿ ಮತ್ತು ಡೇವಿಡ್ ಫಿಲಿಪ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ವಾತ್ಸಲ್ಯವನ್ನೇ ಬಲೆಯಾಗಿ ಮಾಡಿಕೊಂಡ ವಿನೋದವಿದು.

ದೋಣಿಯಲ್ಲಿ ಕೊಕ್ಕೆ ಬಿಡಿಸುವುದೂ ಚಿತ್ರ ತೆಗೆಯುವುದೂ ನಡೆದಿರುವಾಗಲೇ ಬ್ಲೂಗಿಲ್ ಮೊದಲಾದ ಸಣ್ಣ ಮೀನುಗಳು ಕಾವಲಿಲ್ಲದ ಗೂಡಿಗೆ ನುಗ್ಗುತ್ತವೆ. ಅವು ಮೊದಲಿನಿಂದಲೂ ಅದೇ ಹೊಂಚಿನಲ್ಲಿದ್ದವು. ಬಿಡುಗಡೆಯಾದ ತಂದೆ ದಣಿದು ಹಿಂದಿರುಗುವ ವೇಳೆಗೆ ಮೊಟ್ಟೆಗಳು ಬಹಳಷ್ಟು ಕಡಿಮೆಯಾಗಿದ್ದರೆ, ಅದು ಉಳಿದವನ್ನೂ ತೊರೆದು ಹೋಗುವುದುಂಟು. ಬಿಟ್ಟ ಮೀನು ಬದುಕಿತು. ಲೆಕ್ಕದಲ್ಲಿ ಸಾವೇ ಇಲ್ಲ.

ಆಂಟಾರಿಯೋದಲ್ಲಿ ನಿಷೇಧದ ಅವಧಿಯಲ್ಲಿ ಬಿಟ್ಟುಬಿಡುವ ಉದ್ದೇಶದಿಂದಲೂ ಬ್ಯಾಸ್ ಹಿಡಿಯಲೆತ್ನಿಸುವುದು ಅಪರಾಧ. ಆದರೆ ಆಗ ಬೇರೆ ಕೆಲವು ಮೀನುಗಳನ್ನು ಹಿಡಿಯಲು ಅನುಮತಿಯಿರುವುದರಿಂದ, 'ನಾನು ಅವಕ್ಕಾಗಿ ಗಾಳ ಹಾಕಿದ್ದೆ' ಎಂಬ ಉತ್ತರವು ಸಿದ್ಧವಾಗಿರುತ್ತದೆ. ಗಡಿಯಾಚೆಯ ನ್ಯೂಯಾರ್ಕ್ ರಾಜ್ಯವು 2022ರಲ್ಲಿ ಜಾರಿಗೆ ತಂದ ನಿಯಮದಂತೆ ಬಹುಪಾಲು ಜಲಾಶಯಗಳಲ್ಲಿ ಡಿಸೆಂಬರ್ 1ರಿಂದ ಜೂನ್ 14ರವರೆಗೆ ಬ್ಯಾಸ್ ಹಿಡಿದು ಬಿಡಬಹುದು. ಕೆಲವು ಗೂಡುಗಳು ನಾಶವಾದರೂ ಉಳಿದವುಗಳ ಮರಿಗಳಿಂದ ಸರೋವರವು ತುಂಬಿಕೊಳ್ಳುತ್ತದೆ ಎಂಬ ವಾದವುಂಟು. ಅದು ಪೂರ್ಣ ಸುಳ್ಳೆನ್ನಲಾಗದು. ತಜ್ಞರಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅದು ಸರೋವರವನ್ನು ಆಳುವವರ ಲೆಕ್ಕ. ಇನ್ನೊಂದು ಗೂಡು ಉಳಿದಿದೆಯೆಂಬ ಮಾತಿನಿಂದ ಈ ಗೂಡಿನ ಜೀವಗಳಿಗೆ ಆದದ್ದೇನು?

ಪ್ರಮಾದದಿಂದ ಜೀವಘಾತವಾದಾಗ ಅದನ್ನು ಹಿಂಸೆಯೆಂದು ನಮ್ಮ ಆಚಾರ್ಯರು ಎಣಿಸಿದರು. ಇಲ್ಲಿ ತಿಳಿಯದೆ ಆಯಿತೆನ್ನಲು ಎಡೆಯೂ ಕಡಿಮೆ. ಗುಡಿಸಿದ ಗೂಡು ತಿಳಿನೀರಿನಲ್ಲಿ ಮಾಸಲು ತಳದ ನಡುವೆ ಬಿಳಿಚಿದ ವೃತ್ತದಂತೆ ದೋಣಿಯಿಂದಲೇ ಕಾಣುತ್ತದೆ. ಅದನ್ನು ಕಂಡು ದೋಣಿಯನ್ನು ಆಳದ ಕಡೆಗೆ ತಿರುಗಿಸುವ ಗಾಳಗಾರರೂ ಇದ್ದಾರೆ. ಅದನ್ನು ಕಂಡೇ ಅದರ ಮೇಲೆ ಎರೆ ಇಳಿಸುವವರೂ ಇದ್ದಾರೆ.