ಬಾಯಿ ಮುಚ್ಚಿ ನಗುವ ಹುಡುಗಿ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಾವಿನ ತೋಪುಗಳ ನಡುವೆ ಶಾಲೆ. ಏಳನೇ ತರಗತಿಯ ಮಕ್ಕಳ ಗುಂಪು ಫೋಟೊ ತೆಗೆಯುವ ದಿನ. ಕ್ಯಾಮೆರಾ ಹಿಡಿದವರು ‘ಎಲ್ಲರೂ ಸ್ವಲ್ಪ ನಗ್ರಮ್ಮ’ ಎನ್ನುತ್ತಿದ್ದಂತೆ ಎರಡನೇ ಸಾಲಿನ ಹುಡುಗಿಯೊಬ್ಬಳ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಓದಿನಲ್ಲಿ ಚುರುಕು, ಹಾಡಿನಲ್ಲಿ ಮುಂದು. ಆದರೆ ನಗುವಾಗ ಮಾತ್ರ ಅಂಗೈ ಅಡ್ಡ ಬರಲೇಬೇಕು. ಅವಳ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆಗಳು, ನಡುವೆ ಕಂದು ಬಣ್ಣದ ಅಡ್ಡಗೆರೆಗಳು.

ಮನೆಯಲ್ಲಿ ದಿನಾ ಬೆಳಗ್ಗೆ ಇದೇ ರಾಮಾಯಣ. ‘ಸರಿಯಾಗಿ ಉಜ್ಜಿದ್ರೆ ಹಿಂಗ್ಯಾಕಾಗ್ತಿತ್ತು? ನಿಮ್ಮಜ್ಜಿ ಹಲ್ಲು ನೋಡು!’ ಎಂದು ತಾಯಿಯ ಗದರಿಕೆ. ಅಜ್ಜಿ ಹುಟ್ಟಿದಾಗಿನಿಂದ ಪೇಸ್ಟು ಕಂಡವರಲ್ಲ. ಇದ್ದಿಲು, ಹೊಂಗೆ ಕಡ್ಡಿ, ಬೇವಿನ ಕಡ್ಡಿಯಲ್ಲೇ ಎಪ್ಪತ್ತು ವರ್ಷ ಕಳೆದವರು. ಎಲೆಯಡಿಕೆಯ ಕೆಂಪು ಬಿಟ್ಟರೆ ಅವರ ಹಲ್ಲಿನ ಮೇಲೆ ಇಂಥ ಗೆರೆಗಳಿಲ್ಲ. ತಾಯಿಯ ಹಲ್ಲುಗಳಲ್ಲಿ ಅಲ್ಲೊಂದು ಇಲ್ಲೊಂದು ಮಸುಕು ಮಚ್ಚೆ. ಮಗಳದು ಮಾತ್ರ ಹೀಗೆ. ಹಾಗಾದರೆ ತಪ್ಪು ಮಗಳದೇ ಎಂಬುದು ಮನೆಯವರ ತೀರ್ಪು. ಹುಡುಗಿಯೂ ಅದನ್ನೇ ನಂಬಿದ್ದಳು. ಯಾರೋ ಹೇಳಿದರೆಂದು ಇಟ್ಟಿಗೆ ಪುಡಿಯಿಂದ ವಸಡು ರಕ್ತ ಬರುವವರೆಗೆ ತಿಕ್ಕಿದ್ದೂ ಉಂಟು. ಕಲೆ ಹೋಗಲಿಲ್ಲ, ತಣ್ಣೀರು ತಾಗಿದರೆ ಹಲ್ಲು ಜುಂ ಎನ್ನತೊಡಗಿತು.

ಶಾಲೆಗೆ ದಂತ ತಪಾಸಣೆಗೆ ಬಂದ ವೈದ್ಯರು ಹುಡುಗಿಯ ತುಟಿ ಸರಿಸಿ ನೋಡಿ, ತಾಯಿಯನ್ನು ಕರೆಸಿ ಹೇಳಿದ್ದು ಇಷ್ಟೇ: ‘ಅಮ್ಮಾ, ಮಗೂನ ಬೈಬೇಡಿ. ಈ ಕಲೆ ಹಲ್ಲು ಹುಟ್ಟೋಕೆ ಮುಂಚೆನೇ ಬಂದಿರೋದು. ನೀವು ಯಾವ ನೀರು ಕುಡೀತೀರಿ, ಅದನ್ನ ಹೇಳಿ.’

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಇದೇ.

ಮೂರು ತಲೆಮಾರು, ಮೂರು ಆಳ

ಅಜ್ಜಿ ಬಾಲ್ಯದಲ್ಲಿ ಕುಡಿದದ್ದು ಕೆರೆಯ ಕೆಳಗಿನ ತೆರೆದ ಬಾವಿಯ ನೀರು. ಹಗ್ಗ ಇಳಿಬಿಟ್ಟರೆ ಕೆಲವೇ ಮಾರು. ತಾಯಿಯ ಕಾಲಕ್ಕೆ ಕೈಪಂಪು ಬಂತು. ಮಗಳು ಹುಟ್ಟುವ ಹೊತ್ತಿಗೆ ಬಾವಿಗಳು ಬತ್ತಿ, ಕೊಳವೆ ಬಾವಿ ಸಾವಿರ ಅಡಿ ದಾಟಿತ್ತು. ಸದಾ ಹರಿಯುವ ನದಿಯಿಲ್ಲದ ಈ ಸೀಮೆಯನ್ನು ಕಾಪಾಡಿದ್ದು ಕೆರೆಗಳು. ಕೆರೆ ಒಣಗಿದಂತೆಲ್ಲ ಜನ ಬಂಡೆಯೊಳಗೆ ಇಳಿಯುತ್ತ ಹೋದರು.

ಇಲ್ಲಿನ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಅದರ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆಗಾಗ ಮಳೆಯಿಂದ ಹೊಸದಾಗುವ ಮೇಲ್ಪದರದ ನೀರಿನಲ್ಲೂ ಸಾಮಾನ್ಯವಾಗಿ ಕಡಿಮೆಯೇ. ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಮಾತ್ರ ಕಲ್ಲನ್ನು ಕರಗಿಸಿಕೊಳ್ಳುತ್ತ ಫ್ಲೋರೈಡನ್ನು ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗದು. ಆ ಮನೆಯ ಮೂವರ ಬಾಯಲ್ಲಿ ಬರೆದಿದ್ದದ್ದು ಬಾವಿಯ ಆಳದ ಲೆಕ್ಕ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ. ಅಕ್ಕಪಕ್ಕದ ಎರಡು ಕೊಳವೆ ಬಾವಿಗಳಲ್ಲೇ ಪ್ರಮಾಣ ಬೇರೆಬೇರೆ ಇರಬಹುದು. ಆದ್ದರಿಂದ ಪರೀಕ್ಷೆಯೊಂದೇ ದಾರಿ. ಗ್ರಾಮ ಪಂಚಾಯಿತಿಯ ಮೂಲಕ ನೀರಿನ ಮಾದರಿ ಕಳುಹಿಸಿ ಪರೀಕ್ಷಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಕಲೆ ಮೂಡುವುದು ಹೇಗೆ?

ಶಾಶ್ವತ ಹಲ್ಲುಗಳು ಆರನೇ ವಯಸ್ಸಿನಿಂದ ಹೊರಗೆ ಕಾಣಿಸಿಕೊಂಡರೂ ಅವುಗಳ ತಯಾರಿ ದವಡೆಯೊಳಗೆ ಮಗು ಹುಟ್ಟಿದ ವರ್ಷದಲ್ಲೇ ಶುರುವಾಗಿರುತ್ತದೆ. ಸುಮಾರು ಎಂಟನೇ ವಯಸ್ಸಿನವರೆಗೆ ಹಲ್ಲಿನ ಹೊರಕವಚವಾದ ಎನಾಮಲ್ ಗಟ್ಟಿಯಾಗುತ್ತಿರುತ್ತದೆ. ಆಗ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ ಎನಾಮಲ್ ಸರಿಯಾಗಿ ಕೂಡಿಕೊಳ್ಳದೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮೊದಲು ಬಿಳಿ ಮಚ್ಚೆ, ಮುಂದೆ ಹಳದಿ, ಕಂದು, ತೀವ್ರವಾದರೆ ಗುಳಿಗಳು. ಇದೇ ದಂತ ಫ್ಲೋರೋಸಿಸ್. ಎಂಟು ವರ್ಷದ ನಂತರ ಹೊಸ ಕಲೆ ಮೂಡುವುದಿಲ್ಲ, ಮೂಡಿದ್ದನ್ನು ಉಜ್ಜಿ ಅಳಿಸಲೂ ಆಗದು. ದೊಡ್ಡವರಾದ ಮೇಲೂ ಅದೇ ನೀರನ್ನು ಹತ್ತಾರು ವರ್ಷ ಕುಡಿದರೆ ಫ್ಲೋರೈಡ್ ಮೂಳೆ, ಕೀಲುಗಳಿಗೆ ಇಳಿಯುತ್ತದೆ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ಇದನ್ನು ವೈದ್ಯರು ಗುರುತಿಸಿದ್ದರು.

ಈ ಕಲೆಯ ಗುಟ್ಟು ಬಯಲಾದ ಕಥೆಯೂ ಸ್ವಾರಸ್ಯದ್ದು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನ ಜನರ ಹಲ್ಲಿನ ಮೇಲೆ ಕಂದು ಕಲೆ ಕಂಡು ಕಾರಣ ಹುಡುಕುತ್ತ ಹೊರಟರು. ನೀರಿನಲ್ಲಿರುವ ಫ್ಲೋರೈಡೇ ಕಾರಣವೆಂದು ತಿಳಿಯಲು 1931ರವರೆಗೆ ಕಾಯಬೇಕಾಯಿತು. ಆ ಹುಡುಕಾಟದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ಕಲೆಯ ಹಲ್ಲುಗಳು ಬೇಗ ಹುಳುಕಾಗುತ್ತಿರಲಿಲ್ಲ. ಅಲ್ಪ ಪ್ರಮಾಣದಲ್ಲಿ ಹಲ್ಲಿಗೆ ಮಿತ್ರನಾದ ವಸ್ತು ಅತಿಯಾದಾಗ ಶತ್ರು. ಅತಿಯಾದರೆ ಅಮೃತವೂ ವಿಷ ಎನ್ನುವುದು ಇದಕ್ಕೇ.

ಕಲೆ ಬೇರೆ, ಹುಳುಕು ಬೇರೆ

ಕಲೆಗೆ ನೀರು ಕಾರಣವೆಂದು ತಿಳಿದ ಮಕ್ಕಳು ‘ಹಾಗಾದರೆ ಹಲ್ಲುಜ್ಜದಿದ್ದರೂ ನಡೆಯುತ್ತದೆ’ ಎಂದುಕೊಂಡರೆ ಮೋಸ ಹೋಗುತ್ತಾರೆ. ಫ್ಲೋರೋಸಿಸ್ ಕಲೆ ಎಡಕ್ಕೂ ಬಲಕ್ಕೂ ಜೋಡಿಜೋಡಿಯಾಗಿ ಕಾಣುತ್ತದೆ. ಹುಳುಕಾದರೋ ಎಲ್ಲೋ ಒಂದು ದವಡೆ ಹಲ್ಲಿನ ಸಂದಿಯಲ್ಲಿ ಕಪ್ಪು ಚುಕ್ಕೆಯಾಗಿ ಶುರುವಾಗಿ ಗುಳಿಯಾಗುತ್ತದೆ. ಅಲ್ಲಿ ಯಾವ ಹುಳುವೂ ಇಲ್ಲ. ಸಿಹಿಯನ್ನು ತಿಂದ ಬ್ಯಾಕ್ಟೀರಿಯಾಗಳು ಆಮ್ಲ ಉಗುಳುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಎಷ್ಟು ಸಿಹಿ ತಿಂದೆವು ಎಂಬುದರಷ್ಟೇ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ದಿನವಿಡೀ ಚಾಕೊಲೇಟ್ ಚೀಪುವುದಕ್ಕಿಂತ ಊಟದ ಜೊತೆಗೆ ಒಮ್ಮೆ ಸಿಹಿ ತಿಂದು ಬಾಯಿ ಮುಕ್ಕಳಿಸುವುದು ಲೇಸು.

ತಂದೆತಾಯಿಯರು ಒಂದನ್ನು ವಿಶೇಷವಾಗಿ ಗಮನಿಸಬೇಕು. ಆರನೇ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸ ದವಡೆ ಹಲ್ಲೊಂದು ಬರುತ್ತದೆ. ಅದನ್ನು ಹಾಲುಹಲ್ಲೆಂದು ತಿಳಿದು ‘ಹುಳುಕಾದರೆ ಬಿದ್ದು ಬೇರೆ ಬರುತ್ತೆ’ ಎಂದು ಸುಮ್ಮನಿರುವವರು ಬಹಳ. ಅದು ಶಾಶ್ವತ ಹಲ್ಲು. ಹೋದರೆ ಹೋಯಿತು.

ವಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸುವುದೂ ತಪ್ಪು. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿಯೇ ಸಾಮಾನ್ಯವಾಗಿ ಅದಕ್ಕೆ ಕಾರಣ. ಮೃದುವಾದ ಬ್ರಷ್ಷಿನಿಂದ ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಉಜ್ಜಬೇಕು. ಚಿಕ್ಕ ಮಕ್ಕಳಿಗೆ ಪೇಸ್ಟು ಅಕ್ಕಿಕಾಳಿನಷ್ಟು, ಮೂರು ವರ್ಷ ದಾಟಿದವರಿಗೆ ಬಟಾಣಿ ಕಾಳಿನಷ್ಟು ಸಾಕು; ನುಂಗದಂತೆ ನೋಡಿಕೊಳ್ಳಬೇಕು. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಮಗುವಿಗೆ ಯಾವ ಪೇಸ್ಟು ಎಂಬುದನ್ನು ದಂತವೈದ್ಯರನ್ನೇ ಕೇಳುವುದು ಒಳ್ಳೆಯದು. ಹೊಗೆಸೊಪ್ಪು, ಅಡಿಕೆ ಜಗಿಯುವ ಹಿರಿಯರ ಬಾಯಲ್ಲಿ ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಮಚ್ಚೆ ಕಂಡರೆ ತಡಮಾಡದೆ ತೋರಿಸಬೇಕು.

ಅನ್ನದ ನೀರೂ ಲೆಕ್ಕಕ್ಕೆ

ಫ್ಲೋರೈಡನ್ನು ಕುದಿಸಿ ಓಡಿಸಲಾಗದು. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ. ಬ್ಲೀಚಿಂಗ್ ಪುಡಿಗೂ ಅದು ಜಗ್ಗದು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕೆ ಇಳಿಸುತ್ತಾರೆ. ಈಗ ಊರೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಿರ್ವಹಣೆ ಸರಿಯಿದ್ದರೆ ಅವು ಫ್ಲೋರೈಡಿನ ಬಹುಪಾಲನ್ನು ತೆಗೆಯುತ್ತವೆ. ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಹಳೆಯ ಉಪಾಯ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರ ಉದ್ದೇಶ ಅಂತರ್ಜಲ ಮರುಪೂರಣ. ಕೆರೆಯಿಂದ ನೇರವಾಗಿ ಕುಡಿಯುವ ನೀರಲ್ಲ.

ಬಹಳ ಮನೆಗಳಲ್ಲಿ ಕುಡಿಯಲು ಮಾತ್ರ ಘಟಕದ ನೀರು. ಮುದ್ದೆಗೆ, ಸಾರಿಗೆ, ಅನ್ನಕ್ಕೆ ಕೊಳವೆ ಬಾವಿಯದೇ. ಬೇಯಿಸಿದ ಅನ್ನದೊಳಗೆ ಅದೇ ಫ್ಲೋರೈಡ್ ಸೇರಿ ಮಗುವಿನ ಹೊಟ್ಟೆಗೆ ಹೋಗುತ್ತದೆ. ತಾಯಿಯ ಹಾಲಿನಲ್ಲಿ ಫ್ಲೋರೈಡ್ ತೀರ ಕಡಿಮೆ. ಕೂಸಿಗೆ ಕಲಸುವ ರಾಗಿ ಸರಿಯ ನೀರಿನ ಬಗ್ಗೆಯೇ ಎಚ್ಚರ ಬೇಕು. ಸುಣ್ಣಾಂಶವಿರುವ ರಾಗಿ, ಹಾಲು, ಸೊಪ್ಪು ಮಕ್ಕಳ ಊಟದಲ್ಲಿರಲಿ. ಚಹಾ ಬೇಡ, ಅದರಲ್ಲೂ ಫ್ಲೋರೈಡ್ ಇದೆ.

ಆ ಹುಡುಗಿಯ ಕಲೆಗಳನ್ನು ಮುಂದೆ ದಂತವೈದ್ಯರು ಮೇಲ್ಪದರ ತೆಳುವಾಗಿ ಉಜ್ಜಿಯೋ, ಹಲ್ಲಿನ ಬಣ್ಣದ ಲೇಪ ಕೊಟ್ಟೋ ಮರೆಮಾಡಬಹುದು. ಮನೆಯಲ್ಲಿ ಅವಳಿಗೊಬ್ಬ ತಮ್ಮನಿದ್ದಾನೆ, ಎರಡು ವರ್ಷದವನು. ಅವನ ಶಾಶ್ವತ ಹಲ್ಲುಗಳು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿವೆ. ತಪಾಸಣೆಯ ಮಾರನೆಯ ದಿನದಿಂದ ಇಟ್ಟಿಗೆ ಪುಡಿಯ ಡಬ್ಬಿ ಕಾಣೆಯಾಗಿದೆ. ಶಾಲೆಗೆ ಹೊರಡುವ ಮೊದಲು ಹುಡುಗಿ ಘಟಕದಿಂದ ಒಂದು ಬಿಂದಿಗೆ ನೀರು ಹೆಚ್ಚಿಗೆ ತರುತ್ತಾಳೆ. ‘ಇದು ತಮ್ಮನ ಸರಿಗೆ, ಬೇರೆ ಯಾವುದಕ್ಕೂ ಮುಟ್ಟಬೇಡಮ್ಮ’ ಎಂದು ತಾಯಿಗೇ ತಾಕೀತು ಮಾಡುತ್ತಾಳೆ. ತಾಯಿ ಈಗ ಗದರುವುದಿಲ್ಲ.