ಲಕೋಟೆಯೊಳಗಿನ ಲಕೋಟೆ

ನಮ್ಮ ಮಗಳ ಸಂಸಾರ ದುಬೈಯಲ್ಲಿ. 2022ರಲ್ಲಿ ನಮ್ಮ ಮನೆಯವರು ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ಮಗಳ ಮುಖ ನೋಡಬೇಕೆಂದು ಹಂಬಲಿಸಿದರು. ವಾಟ್ಸಾಪಿನಲ್ಲಿ ಬರಹ, ಚಿತ್ರಗಳು ಬರುತ್ತಿದ್ದವು. ಕರೆಗೆ ಮಾತ್ರ ಅಲ್ಲಿ ತಡೆಯಿತ್ತು. ಅಳಿಯಂದಿರು "ವಿಪಿಎನ್ ಹಾಕಿಕೊಂಡರಾಯಿತು ಮಾವನವರೇ, ಇಲ್ಲಿ ಬಹಳ ಮಂದಿ ಹಾಗೆಯೇ ಮಾಡುತ್ತಾರೆ" ಎಂದರು. ನಾವು ಒಡನೆಯೇ ಹೂಂಗುಡಲಿಲ್ಲ.

ನಾವು ಮಠದ ವಿದ್ಯಾರ್ಥಿನಿಲಯದಲ್ಲಿದ್ದಾಗ ಊರಿನ ಪತ್ರಗಳು ಮೇಲ್ವಿಚಾರಕರ ಕೈ ದಾಟಿಯೇ ಬರುತ್ತಿದ್ದವು. ಕಾರ್ಡನ್ನು ಅವರು ಓದಿಬಿಡುತ್ತಿದ್ದರು. ಅಂಟಿಸಿದ ಲಕೋಟೆಯಾದರೆ ಹೊರಗಿನ ವಿಳಾಸವಷ್ಟೇ ಅವರ ಪಾಲಿಗೆ. ಇಂದು ಬ್ಯಾಂಕು ಮೊದಲಾದ ಬಹುಪಾಲು ಜಾಲತಾಣಗಳು ಪತ್ರವನ್ನು ಅಂಟಿಸಿಯೇ ಕಳುಹಿಸುತ್ತವೆ. ವಿಪಿಎನ್ ಆ ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿಟ್ಟು, ಬೇರೊಂದೂರಿನ ತನ್ನ ಯಂತ್ರಕ್ಕೆ ಒಯ್ದು, ಅಲ್ಲಿ ಹೊರಕವಚ ಹರಿದು ಮುಂದಕ್ಕೆ ಸಾಗಿಸುತ್ತದೆ. ನಿಲ್ದಾಣದ ಉಚಿತ ವೈಫೈ ನಡೆಸುವವನಿಗೆ ನಾವು ಹೋಗುವ ತಾಣ ತಿಳಿಯದು. ಮನೆಯಿಂದ ದುಡಿಯುವವರಿಗಂತೂ ಇದೇ ಕಚೇರಿಯ ಒಳಬಾಗಿಲು.

ಆದರೆ ಆ ಹೊರಕವಚ ಹರಿಯುವವನು ಯಾರು? ಮೇಲ್ವಿಚಾರಕರನ್ನು ನಂಬದೆ ಅಪರಿಚಿತ ಅಂಚೆಯವನನ್ನು ನಂಬಿದಂತಾಯಿತು. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ ಕಂಪನಿಯ ಉಚಿತ ವಿಪಿಎನ್, ರಕ್ಷಣೆಯ ಹೆಸರಿನಲ್ಲಿ ಬಳಕೆದಾರರ ಚಲನವಲನವನ್ನು ಒಡೆಯನ ವ್ಯಾಪಾರಕ್ಕೆ ಒಪ್ಪಿಸುತ್ತಿತ್ತು. 2023ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯವು ಇದಕ್ಕಾಗಿ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಉಚಿತವೆಂದು ಕೈಯೊಡ್ಡುವ ನಮ್ಮ ಚಪಲಕ್ಕೆ ಏನೆನ್ನೋಣ! ನಮ್ಮ ದೇಶದಲ್ಲಿ 2022ರ ಏಪ್ರಿಲಿನಲ್ಲಿ ಸರ್ಟ್-ಇನ್ ಸಂಸ್ಥೆಯು ವಿಪಿಎನ್ ಗ್ರಾಹಕರ ವಿವರಗಳನ್ನು 5 ವರ್ಷ ಕಾಯ್ದಿಡಬೇಕೆಂದು ಆದೇಶಿಸಿದಾಗ, ಎಕ್ಸ್‌ಪ್ರೆಸ್‌ವಿಪಿಎನ್ ಮೊದಲಾದ ಕಂಪನಿಗಳು ಭಾರತದೊಳಗಿನ ತಮ್ಮ ಯಂತ್ರಗಳನ್ನೇ ತೆಗೆದುಬಿಟ್ಟವು.

ದುಬೈಯ ಸಂಗತಿಯೇ ಬೇರೆ. ಅಲ್ಲಿಯ 2021ರ ಕಾನೂನಿನಂತೆ, ವಿಳಾಸವನ್ನು ಮರೆಮಾಚಿ ಅಪರಾಧವೆಸಗಿದರೆ ಸೆರೆವಾಸ, ಇಲ್ಲವೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಅಥವಾ ಎರಡೂ. ತಾಯಿಯೊಡನೆ ಆಡುವ ನಾಲ್ಕು ಮಾತು ಈ ಮಾತಿನೊಳಗೆ ಸೇರುವುದೋ ಇಲ್ಲವೋ. ಅನ್ನ ಅರಸಿ ಹೋದ ನಾಡಿನಲ್ಲಿ ಮಕ್ಕಳು ಅದನ್ನು ಪರೀಕ್ಷಿಸಿ ನೋಡುವುದು ನಮಗೆ ಒಪ್ಪಿಗೆಯಾಗಲಿಲ್ಲ. ಬೇಡವೆಂದೆವು. ಮನೆಯವರು ಎರಡು ದಿನ ನಮ್ಮೊಡನೆ ಮಾತು ಬಿಟ್ಟರು.

ಮೂರನೆಯ ದಿನ ಅಳಿಯಂದಿರು ಹಣ ತೆತ್ತು, ಅಲ್ಲಿ ಅನುಮತಿಯಿದ್ದ ಬೋಟಿಮ್ ಎಂಬ ಆ್ಯಪಿನಿಂದ ಕರೆ ಮಾಡಿದರು. ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು. ನಮ್ಮ ಮನೆಯವರು ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡು, ಮಗಳ ಮುಖ ಮತ್ತೆ ಅಲುಗುವವರೆಗೂ ಕಿಟಕಿಯತ್ತ ಹಿಡಿದೇ ಇದ್ದರು.