ಕಡಲಾಚೆಯ ಅಕ್ಷರಮಾಲೆ

ನನ್ನ ತಮ್ಮನ ಮಗಳು ಹದಿನೆಂಟರ ಹುಡುಗಿ. ಈ ಚೈತ್ರದಲ್ಲಿ ಆಕೆ ಜಪಾನಿಗೆ ತೆರಳಿದಳು. ಆ ದೇಶದ ಸರ್ಕಾರವು ಪರದೇಶದ ವಿದ್ಯಾರ್ಥಿಗಳಿಗೆ ಕೊಡುವ ವಿದ್ಯಾರ್ಥಿವೇತನವು ಅವಳಿಗೆ ದೊರೆತಿತ್ತು. ಮೊದಲ ವರ್ಷ ಭಾಷಾಭ್ಯಾಸ, ಬಳಿಕ ನಾಲ್ಕು ವರ್ಷ ಯಂತ್ರಶಾಸ್ತ್ರದ ವ್ಯಾಸಂಗ. ಬೋಧನಾಶುಲ್ಕ, ಹೋಗಿಬರುವ ವಿಮಾನದ ವೆಚ್ಚ, ತಿಂಗಳ ಖರ್ಚಿನ ಹಣ, ಎಲ್ಲವೂ ಅವರದೇ. ಯಜಮಾನನನ್ನು ಕಳೆದುಕೊಂಡ ಮನೆಯಲ್ಲಿ ಇದನ್ನು ಬೇಡವೆನ್ನುವವರು ಯಾರು? ಬೇಡವೆಂದವನು ನಾನೊಬ್ಬನೇ.

ಬೇಡವೆಂಬುದಕ್ಕೆ ಕಾರಣವನ್ನೂ ಹುಡುಕಿದೆನು. ಬೌಧಾಯನ ಧರ್ಮಸೂತ್ರವು ಪತನೀಯಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲು ಹೇಳುತ್ತದೆಂದು ಊಟದ ಹೊತ್ತಿನಲ್ಲಿ ಗಂಭೀರವಾಗಿ ನುಡಿದೆನು. ಹುಡುಗಿ ತಲೆಯೆತ್ತದೆ, “ದೊಡ್ಡಪ್ಪ, ನಾನು ಹೋಗುವುದು ವಿಮಾನದಲ್ಲಿ” ಎಂದಳು. ನನ್ನ ಮನೆಯವಳು ಅಷ್ಟಕ್ಕೇ ಬಿಡಲಿಲ್ಲ. “ಅದೇ ಸೂತ್ರದಲ್ಲಿ, ಉತ್ತರದವರ ಸಮುದ್ರಯಾನದ ಜೊತೆಗೆ, ದಕ್ಷಿಣದವರು ಸೋದರಮಾವನ ಮಗಳನ್ನು ಮದುವೆಯಾಗುವ ಪದ್ಧತಿಯನ್ನೂ ಎತ್ತಿ ಹೇಳಿದೆಯೆಂದು ನೀವೇ ಒಮ್ಮೆ ಹೇಳಿದ್ದಿರಿ. ನಾನು ಯಾರ ಮಗಳು?” ಎಂದು ಸಾರು ಬಡಿಸಿದಳು. ಆಕೆ ನನ್ನ ಸೋದರಮಾವನ ಮಗಳು. ಶಾಸ್ತ್ರಚರ್ಚೆ ಅಲ್ಲಿಗೆ ನಿಂತಿತು.

ನಿಜವನ್ನು ಹೇಳಬೇಕಾದರೆ, ಶಾಸ್ತ್ರವು ನನಗೆ ಮರೆಯಾಗಿತ್ತು, ಅಷ್ಟೆ. ತಮ್ಮನು ಗತಿಸಿದಂದಿನಿಂದ ಆ ಮಗುವಿಗೆ ಸಂಜೆ ಸಂಜೆ ಅಮರಕೋಶವನ್ನು ಹೇಳಿಕೊಟ್ಟವನು ನಾನು. ಅವಳು ಹೋದರೆ ನನ್ನ ಸಂಜೆಗಳ ಗತಿಯೇನೆಂಬುದೇ ನನ್ನ ಆಕ್ಷೇಪಣೆಯ ಮೂಲ. ಇದನ್ನು ಅವಳ ತಾಯಿಯ ಎದುರಿಗೆ ಹೇಳಲು ನಾಚಿಕೆಯಾಯಿತು. ಆಕೆಯಾದರೋ ಒಬ್ಬಳೇ ಮಗಳನ್ನು ಕಳುಹಿಸುವವಳು, ಬಾಯಿ ಬಿಡದೆ ಚಟ್ನಿಪುಡಿ ಕುಟ್ಟುತ್ತಿದ್ದಳು.

ಒಂದು ದಿನ ಹುಡುಗಿ ಜಪಾನೀ ಅಕ್ಷರಗಳ ಹಾಳೆಯೊಂದನ್ನು ನನ್ನ ಮುಂದೆ ಹರಡಿ, “ಓದಿ ನೋಡಿ” ಎಂದಳು. ಅವಳೇ ಅಡಿಯಲ್ಲಿ ಕನ್ನಡದಲ್ಲಿ ಉಚ್ಚಾರ ಬರೆದಿದ್ದಳು: ಅ ಇ ಉ ಎ ಒ. ಕೆಳಗೆ ಕ, ಸ, ತ, ನ, ಹ, ಮ, ಯ, ರ, ವ. ನಾನು ಬೆರಗಾದೆನು. ಚ-ಕಾರದ ಎಡೆಯಲ್ಲಿ ಸ, ಪ-ಕಾರದ ಎಡೆಯಲ್ಲಿ ಹ ಬಂದಿವೆಯೆಂಬುದನ್ನು ಬಿಟ್ಟರೆ, ಅದು ನಮ್ಮ ವರ್ಣಮಾಲೆಯ ಕ್ರಮವೇ! ಬೌದ್ಧಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತವನ್ನು ಕಲಿತುದರ ಫಲವಿದು. ಅಂದಿನ ಸಂಜೆ ಗುರುಶಿಷ್ಯರ ಸ್ಥಾನ ಅದಲುಬದಲಾಯಿತು.

ಬೋಧಿಸೇನನೆಂಬ ಭಾರತೀಯ ಭಿಕ್ಷುವಿನ ಕಥೆಯನ್ನು ಅವಳಿಗೆ ಹೇಳಿದೆನು. ಆತನು 736ರಲ್ಲಿ ಚೀನಾದಿಂದ ಜಪಾನಿಗೆ ಹೋದನು. 752ರಲ್ಲಿ ನಾರಾ ಪಟ್ಟಣದ ಮಹಾಬುದ್ಧನ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿದನು. 760ರಲ್ಲಿ ಅಲ್ಲಿಯೇ ಕಾಲವಾದನೆಂಬುದನ್ನು ಮಾತ್ರ ಹೇಳಲಿಲ್ಲ.

ವಿಮಾನನಿಲ್ದಾಣದಲ್ಲಿ ಅವಳು ನಮಸ್ಕರಿಸಿದಾಗ ಆಶೀರ್ವಾದದ ಶ್ಲೋಕದ ಎರಡನೆಯ ಪಾದ ನನಗೆ ಮರೆತುಹೋಯಿತು. ಮೂವತ್ತು ವರ್ಷ ಪಾಠ ಹೇಳಿದವನಿಗೆ! ಅವಳೇ ಅದನ್ನು ಮೆಲ್ಲನೆ ಹೇಳಿಕೊಟ್ಟಳು.

ಈಗ ನಮ್ಮಲ್ಲಿ ಸಂಜೆ ಆರಾದರೆ ಅಲ್ಲಿ ರಾತ್ರಿ ಒಂಬತ್ತೂವರೆ. ಭಾನುವಾರ ಆ ಹೊತ್ತಿಗೆ ದೂರವಾಣಿ ಬರುತ್ತದೆ. ತಾಯಿಯೊಡನೆ ಊಟ, ಚಳಿ, ಬಟ್ಟೆಗಳ ಮಾತು ಮುಗಿದ ಮೇಲೆ ನನ್ನ ಸರದಿ.

“ಎಲ್ಲಿಯವರೆಗೆ ಬಂತು, ದೊಡ್ಡಪ್ಪ?”

“ಹ-ಕಾರದ ಸಾಲಿನಲ್ಲಿ ನಿಂತಿದ್ದೇನಮ್ಮ.”

“ಮುಂದಿನ ವಾರ ಒಪ್ಪಿಸಬೇಕು” ಎನ್ನುತ್ತಾಳೆ, ಥೇಟು ನನ್ನ ಧ್ವನಿಯಲ್ಲಿ.